ವಾಟ್‌ಗಳ ಭರಾಟೆಯಲ್ಲಿ ಸುಡುವ ಸ್ಪೀಕರ್: ಕಾರಿನ ಸಂಗೀತಕ್ಕೆ ಮಿತಿ ಎಲ್ಲಿ?

ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ‘300 ವಾಟ್’ ಎಂದಿರುತ್ತದೆ. ಅದರ ಕೆಳಗೆ, ಸುಲಭವಾಗಿ ಕಣ್ಣಿಗೆ ಬೀಳದಷ್ಟು ಚಿಕ್ಕ ಅಕ್ಷರಗಳಲ್ಲಿ ‘60 ವಾಟ್ ಆರ್‌ಎಂಎಸ್’ ಎಂದು ನಮೂದಾಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ವಾಹನ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಕಾರಿಗೆ ಸ್ಪೀಕರ್ ಕೊಳ್ಳಲು ಬರುವವರ ಪೈಕಿ ಅನೇಕರು ಮೊದಲ ಅಂಕಿಯನ್ನೇ ನಂಬಿ, ಅದಕ್ಕೆ ತಕ್ಕ ಆಂಪ್ಲಿಫೈಯರ್ ಜೋಡಿಸಿಕೊಂಡು ಹೋಗುತ್ತಾರೆ. ಕೆಲವು ವಾರಗಳ ಬಳಿಕ ಕಾರಿನೊಳಗೆ ಸುಟ್ಟ ವಾಸನೆ ಬರುತ್ತದೆ. ಒಂದು ಬದಿಯ ಟ್ವೀಟರ್ ಮೌನವಾಗುತ್ತದೆ ಅಥವಾ ವೂಫರ್‌ನಿಂದ ಕರಕರ ಸದ್ದು ಹೊರಡುತ್ತದೆ. ಸುಟ್ಟ ಕಾಯಿಲ್‌ಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ ಎಂಬುದು ಗ್ರಾಹಕರಿಗೆ ತಿಳಿಯುವುದು ಆಗಲೇ.

ಹಾಗಾದರೆ ನಿಗದಿತ ಸಾಮರ್ಥ್ಯವನ್ನು ಮೀರಿ ಸ್ಪೀಕರ್ ನುಡಿಸುವುದು ಎಲ್ಲ ಸಂದರ್ಭದಲ್ಲಿಯೂ ಅಪಾಯವೇ? 60 ವಾಟ್‌ನ ಸ್ಪೀಕರ್‌ಗೆ 100 ವಾಟ್‌ನ ಆಂಪ್ಲಿಫೈಯರ್ ಜೋಡಿಸಿ ವರ್ಷಗಟ್ಟಲೆ ಸುಖವಾಗಿ ಹಾಡು ಕೇಳುವವರೂ ಇದ್ದಾರೆ. 40 ವಾಟ್‌ನ ಆಂಪ್ಲಿಫೈಯರ್‌ನಿಂದಲೇ ಅದೇ ಸ್ಪೀಕರನ್ನು ಸುಟ್ಟವರೂ ಇದ್ದಾರೆ. ಇದರ ಮರ್ಮ ತಿಳಿಯಬೇಕಾದರೆ ವಾಟ್ ಎಂಬ ಅಂಕಿಯ ಹಿಂದೆ ಏನಿದೆ ಎಂಬುದನ್ನು ನೋಡಬೇಕು.

ಅಂಕಿಯ ಆಟ

ಆರ್‌ಎಂಎಸ್ ಎಂದು ರೂಢಿಯಲ್ಲಿ ಕರೆಯಲಾಗುವುದು ಸ್ಪೀಕರ್ ನಿರಂತರವಾಗಿ ತಾಳಿಕೊಳ್ಳಬಲ್ಲ ಸರಾಸರಿ ವಿದ್ಯುತ್ ಶಕ್ತಿಯನ್ನು. ‘ಪೀಕ್’ ಅಥವಾ ‘ಮ್ಯಾಕ್ಸ್’ ಎಂಬುದು ಕ್ಷಣಮಾತ್ರದ ಗರಿಷ್ಠ ಮಟ್ಟ. ಶುದ್ಧ ಸೈನ್ ತರಂಗದಲ್ಲಿ ಈ ಗರಿಷ್ಠ ಮಟ್ಟವು ಸರಾಸರಿಯ ಎರಡರಷ್ಟಿರುತ್ತದೆ. ಅಂದರೆ 60 ವಾಟ್‌ನ ಸ್ಪೀಕರ್‌ಗೆ 120 ವಾಟ್ ಪೀಕ್ ಎಂದು ಬರೆದರೆ ಅದಕ್ಕೊಂದು ಲೆಕ್ಕವುಂಟು. 300 ಎಂದು ಬರೆದರೆ ಅದು ಜಾಹೀರಾತಿನ ಲೆಕ್ಕವೇ ಹೊರತು ಬಳಕೆಗೆ ಬರುವ ಲೆಕ್ಕವಲ್ಲ.

ಈ ಗೊಂದಲಕ್ಕೆ ಇತಿಹಾಸವೂ ಇದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್‌ಗಳ ವಾಟ್ ಹೇಳಿಕೆಗಳಿಗೆ ನಿಯಮ ರೂಪಿಸಿತು. ಆದರೆ ಅದು ಮನೆಬಳಕೆಯ ಉಪಕರಣಗಳಿಗೆ ಸೀಮಿತವಾಗಿತ್ತು. ಕಾರಿನ ಆಂಪ್ಲಿಫೈಯರ್‌ಗಳು ಅದರ ವ್ಯಾಪ್ತಿಗೆ ಬರಲಿಲ್ಲ. ಕೊನೆಗೆ 2003ರಲ್ಲಿ ಅಲ್ಲಿನ ಉದ್ಯಮ ಸಂಘಟನೆಯು ಸಿಇಎ-2006 ಎಂಬ ಸ್ವಯಂಪ್ರೇರಿತ ಮಾನದಂಡವನ್ನು ಪ್ರಕಟಿಸಿತು. ಅದರಂತೆ 14.4 ವೋಲ್ಟ್ ಪೂರೈಕೆಯಲ್ಲಿ, 4 ಓಮ್ ಹೊರೆಗೆ, ವಿರೂಪ ಮತ್ತು ಗದ್ದಲ ಶೇ. 1ನ್ನು ಮೀರದಂತೆ ಅಳೆದ ಶಕ್ತಿಯನ್ನಷ್ಟೇ ನಮೂದಿಸಬೇಕು. ಈಗ ಇದು ಸಿಟಿಎ-2006 ಎಂಬ ಹೆಸರಿನಲ್ಲಿದೆ. ಆಂಪ್ಲಿಫೈಯರ್‌ನ ಪೆಟ್ಟಿಗೆಯ ಮೇಲೆ ಈ ಉಲ್ಲೇಖವಿದ್ದರೆ ಅಂಕಿಯನ್ನು ಬಹುಮಟ್ಟಿಗೆ ನಂಬಬಹುದು.

ಡ್ಯಾಶ್‌ಬೋರ್ಡ್‌ನಲ್ಲಿ ಕೂರುವ ಸ್ಟೀರಿಯೋದ ಮೇಲೆ ಕಾಣುವ ‘50 ವಾಟ್ x 4’ ಎಂಬ ಬರಹ ಇನ್ನೊಂದು ಉದಾಹರಣೆ. 14.4 ವೋಲ್ಟನ್ನು ಅದರಿಂದಲೇ ಗುಣಿಸಿ 4 ಓಮ್‌ನಿಂದ ಭಾಗಿಸಿದರೆ ಸುಮಾರು 52 ಬರುತ್ತದೆ. ಅಂದರೆ ತರಂಗವು ಪೂರ್ಣ ಚೌಕಾಕಾರವಾಗಿ, ಸಂಗೀತವು ಸಂಗೀತವಾಗಿ ಉಳಿಯದಿದ್ದಾಗ ಮಾತ್ರ ಸಿಗುವ ಶಕ್ತಿಯಿದು. ಸ್ವಚ್ಛ ಧ್ವನಿಯಲ್ಲಿ ದೊರೆಯುವುದು ಪ್ರತಿ ಚಾನೆಲ್‌ಗೆ ಸುಮಾರು 20 ವಾಟ್ ಅಷ್ಟೆ.

ಶಾಖವೇ ಮೊದಲ ಶತ್ರು

ಸ್ಪೀಕರ್ ಎಂಬುದು ಅತ್ಯಂತ ದುಂದುಗಾರ ಯಂತ್ರ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 90 ಡೆಸಿಬಲ್ ಧ್ವನಿ ನೀಡುವ ಉತ್ತಮ ಸ್ಪೀಕರ್ ಕೂಡ ತಾನು ಪಡೆದ ವಿದ್ಯುತ್ತಿನಲ್ಲಿ ಶೇ. 1ಕ್ಕಿಂತ ಕಡಿಮೆ ಭಾಗವನ್ನು ಧ್ವನಿಯಾಗಿ ಪರಿವರ್ತಿಸುತ್ತದೆ. ಉಳಿದದ್ದೆಲ್ಲವೂ ಶಾಖವಾಗುತ್ತದೆ. ಆ ಶಾಖ ಹುಟ್ಟುವುದು ಕಾಗದ ಅಥವಾ ಅಲ್ಯೂಮಿನಿಯಂನ ಪುಟ್ಟ ಕೊಳವೆಗೆ ಅಂಟಿನಿಂದ ಕೂರಿಸಿದ ತೆಳು ತಾಮ್ರದ ಸುರುಳಿಯಲ್ಲಿ. ಇದನ್ನೇ ವಾಯ್ಸ್ ಕಾಯಿಲ್ ಎನ್ನಲಾಗುತ್ತದೆ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸುವ ಸಾಮಾನ್ಯ ಸೋಲ್ಡರಿಂಗ್ ಕಡ್ಡಿಯ ಸಾಮರ್ಥ್ಯ 25 ವಾಟ್. ಅದರ ನಾಲ್ಕು ಪಟ್ಟು ಶಾಖವನ್ನು ಇಷ್ಟು ಸೂಕ್ಷ್ಮವಾದ ಸುರುಳಿಗೆ ಸತತವಾಗಿ ಉಣಿಸಿದರೆ ಏನಾಗಬಹುದೆಂದು ಊಹಿಸಬಹುದು. ಮೊದಲು ಅಂಟು ಮೆತ್ತಗಾಗುತ್ತದೆ, ತಂತಿಯ ಎಳೆಗಳು ಸಡಿಲವಾಗಿ ಅಯಸ್ಕಾಂತದ ಸಂದಿಗೆ ಉಜ್ಜುತ್ತವೆ, ನಂತರ ತಂತಿಯ ಮೇಲಿನ ಎನಾಮಲ್ ಲೇಪ ಸುಡುತ್ತದೆ. ಸುಟ್ಟ ವಾಸನೆ ಬರುವುದು ಈ ಹಂತದಲ್ಲಿ.

ಶಾಖವು ಇನ್ನೊಂದು ಚಮತ್ಕಾರವನ್ನೂ ಮಾಡುತ್ತದೆ. ತಾಮ್ರದ ರೋಧವು ಪ್ರತಿ ಡಿಗ್ರಿ ಸೆಲ್ಷಿಯಸ್ ಏರಿಕೆಗೆ ಸುಮಾರು ಶೇ. 0.39ರಷ್ಟು ಹೆಚ್ಚುತ್ತದೆ. ಕಾಯಿಲ್‌ನ ತಾಪ 200 ಡಿಗ್ರಿ ಏರಿದರೆ ರೋಧವು ಸುಮಾರು 1.8 ಪಟ್ಟಾಗುತ್ತದೆ. ಅಷ್ಟೇ ವೋಲ್ಟೇಜ್ ನೀಡುತ್ತಿದ್ದರೂ ಸ್ಪೀಕರ್ ಸೆಳೆಯುವ ಶಕ್ತಿ ಸುಮಾರು ಎರಡೂವರೆ ಡೆಸಿಬಲ್ ಕುಗ್ಗಿ, ಧ್ವನಿ ಇಳಿಯುತ್ತದೆ. ಕೇಳುಗನಿಗೆ ಹಾಡು ಮಂಕಾದಂತೆ ತೋರಿ, ವಾಲ್ಯೂಮ್ ಇನ್ನಷ್ಟು ತಿರುಗಿಸುತ್ತಾನೆ. ಶಾಖ ಮತ್ತಷ್ಟು ಏರುತ್ತದೆ. ದೀರ್ಘ ಪ್ರಯಾಣದಲ್ಲಿ ಸ್ಪೀಕರ್‌ಗಳು ಸುಡಲು ಇಂತಹ ವಿಷಚಕ್ರವೂ ಒಂದು ಕಾರಣ.

ಹಾಳೆಯ ಓಟಕ್ಕೂ ಮಿತಿ

ಎರಡನೆಯ ಮಿತಿ ಯಾಂತ್ರಿಕವಾದದ್ದು. ಸ್ಪೀಕರ್‌ನ ಶಂಕುವಿನಾಕಾರದ ಹಾಳೆ ಹಿಂದೆ ಮುಂದೆ ಚಲಿಸಿ ಗಾಳಿಯನ್ನು ತಳ್ಳಿದಾಗ ಧ್ವನಿ ಹುಟ್ಟುತ್ತದೆ. ಒಂದೇ ಮಟ್ಟದ ಧ್ವನಿಗಾಗಿ ಕಂಪನಾಂಕ ಅರ್ಧಕ್ಕಿಳಿದರೆ ಹಾಳೆಯ ಚಲನೆ ನಾಲ್ಕು ಪಟ್ಟಾಗಬೇಕು. 100 ಹರ್ಟ್ಜ್‌ನಲ್ಲಿ ಒಂದು ಮಿಲಿಮೀಟರ್ ಚಲಿಸುವ ಹಾಳೆ 50 ಹರ್ಟ್ಜ್‌ನಲ್ಲಿ ನಾಲ್ಕು ಮಿಲಿಮೀಟರ್ ಚಲಿಸಬೇಕಾಗುತ್ತದೆ. ಬಾಗಿಲಿನಲ್ಲಿ ಕೂರಿಸಿದ ಆರೂವರೆ ಇಂಚಿನ ಸ್ಪೀಕರ್‌ಗೆ ಇದು ದೊಡ್ಡ ಪರೀಕ್ಷೆ. ಮಿತಿ ಮೀರಿದರೆ ಕಾಯಿಲ್ ಅಯಸ್ಕಾಂತದ ಸಂದಿಯಿಂದ ಹೊರಬರುತ್ತದೆ ಅಥವಾ ಹಿಂದಿನ ಲೋಹದ ತಟ್ಟೆಗೆ ಬಡಿಯುತ್ತದೆ. ‘ಟಕ್ ಟಕ್’ ಎಂಬ ಸದ್ದು ಕೇಳಿಬಂದರೆ ಅದು ಈ ಬಡಿತದ್ದೇ.

ಹೀಗಾಗಿ 60 ವಾಟ್ ಎಂಬ ಶಾಖದ ಮಿತಿಯನ್ನು ತಲುಪುವ ಮೊದಲೇ, 20 ಅಥವಾ 30 ವಾಟ್‌ನಲ್ಲಿಯೇ ಆಳವಾದ ಬಾಸ್ ಸ್ಪೀಕರನ್ನು ಗಾಸಿಗೊಳಿಸಬಹುದು. ಇದಕ್ಕೆ ಪರಿಹಾರ ಸುಲಭ. ಆಂಪ್ಲಿಫೈಯರ್ ಅಥವಾ ಸ್ಟೀರಿಯೋದಲ್ಲಿರುವ ಹೈ-ಪಾಸ್ ಫಿಲ್ಟರನ್ನು 80 ಹರ್ಟ್ಜ್ ಆಸುಪಾಸಿನಲ್ಲಿಟ್ಟು, ಅದಕ್ಕಿಂತ ಕೆಳಗಿನ ಕೆಲಸವನ್ನು ಸಬ್‌ವೂಫರ್‌ಗೆ ವಹಿಸಿದರೆ ಬಾಗಿಲಿನ ಸ್ಪೀಕರ್‌ಗಳು ಹಗುರಾಗುತ್ತವೆ.

ಮರೆಯಲ್ಲಿ ಕುಳಿತ ಕ್ರಾಸ್‌ಓವರ್

ವೂಫರ್ ಮತ್ತು ಟ್ವೀಟರ್ ಬೇರೆ ಬೇರೆಯಾಗಿರುವ ‘ಕಾಂಪೊನೆಂಟ್’ ಸೆಟ್‌ಗಳಲ್ಲಿ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯೊಂದು ಬರುತ್ತದೆ. ಇದೇ ಪ್ಯಾಸಿವ್ ಕ್ರಾಸ್‌ಓವರ್. ಒಳಗಿರುವ ಕಾಯಿಲ್‌ಗಳು ಕೆಳಗಿನ ಸ್ವರಗಳನ್ನು ವೂಫರ್‌ಗೂ, ಕೆಪಾಸಿಟರ್‌ಗಳು ಮೇಲಿನ ಸ್ವರಗಳನ್ನು ಟ್ವೀಟರ್‌ಗೂ ಹಂಚುತ್ತವೆ. ಹೆಚ್ಚು ಶಕ್ತಿ ಹರಿಸುವಾಗ ಸ್ಪೀಕರ್‌ಗಳ ಬಗ್ಗೆ ಯೋಚಿಸುವವರೂ ಈ ಡಬ್ಬಿಯನ್ನು ಮರೆಯುವುದುಂಟು.

ಇದರ ಮಿತಿಗಳು ಬೇರೆಯೇ ಬಗೆಯವು. 4 ಓಮ್ ಹೊರೆಗೆ 100 ವಾಟ್ ನೀಡುವಾಗ ಆಂಪ್ಲಿಫೈಯರ್‌ನ ವೋಲ್ಟೇಜ್ 20, ಅದರ ಶಿಖರ 28. ಶಕ್ತಿಯನ್ನು 400 ವಾಟ್‌ಗೆ ಏರಿಸಿದರೆ ವೋಲ್ಟೇಜ್ 40, ಶಿಖರ 56ನ್ನು ದಾಟುತ್ತದೆ. ಟ್ವೀಟರ್‌ಗೆ ಸರಣಿಯಲ್ಲಿರುವ ಕೆಪಾಸಿಟರ್, ತಾನು ತಡೆಹಿಡಿಯುವ ಬಾಸ್ ಸ್ವರಗಳ ವೋಲ್ಟೇಜನ್ನು ಬಹುತೇಕ ಪೂರ್ತಿಯಾಗಿ ಹೊರಬೇಕು. ಅದು 50 ವೋಲ್ಟ್‌ನದಾಗಿದ್ದರೆ ಮಿತಿ ಮೀರಿದಂತೆಯೇ. ಅಗ್ಗದ ಕ್ರಾಸ್‌ಓವರ್‌ಗಳಲ್ಲಿ ಬಳಸುವ ಎಲೆಕ್ಟ್ರೋಲಿಟಿಕ್ ಬಗೆಯ ಕೆಪಾಸಿಟರ್‌ಗಳು ಬಿಸಿಯಾಗಿ, ಕಾಲಕ್ರಮೇಣ ಒಣಗಿ, ತಮ್ಮ ಮೌಲ್ಯವನ್ನೇ ಬದಲಿಸಿಕೊಳ್ಳುತ್ತವೆ. ಕೆಪಾಸಿಟರ್ ಒಳಗೆ ಶಾರ್ಟ್ ಆದರಂತೂ ಬಾಸ್ ನೇರವಾಗಿ ಟ್ವೀಟರ್‌ಗೆ ನುಗ್ಗಿ, ಅದು ಕ್ಷಣಗಳಲ್ಲಿ ಸುಡುತ್ತದೆ. ಪಾಲಿಪ್ರೊಪಿಲೀನ್ ಪದರದ ಕೆಪಾಸಿಟರ್‌ಗಳು ದುಬಾರಿಯಾದರೂ ಹೆಚ್ಚು ತಾಳಿಕೆಯವು.

ಕಾಯಿಲ್‌ನ ಸ್ಥಿತಿಯೂ ಇದಕ್ಕಿಂತ ಉತ್ತಮವೇನಲ್ಲ. 100 ವಾಟ್‌ನಲ್ಲಿ ಅದರೊಳಗೆ 5 ಆಂಪಿಯರ್, 400 ವಾಟ್‌ನಲ್ಲಿ 10 ಆಂಪಿಯರ್ ಹರಿಯುತ್ತದೆ. ಅದರ ರೋಧ ಕೇವಲ 0.3 ಓಮ್ ಎಂದಿಟ್ಟುಕೊಂಡರೂ ಡಬ್ಬಿಯೊಳಗೆ ಹುಟ್ಟುವ ಶಾಖ 7.5 ವಾಟ್‌ನಿಂದ 30 ವಾಟ್‌ಗೆ ಜಿಗಿಯುತ್ತದೆ. ಕಾಯಿಲ್‌ನ ನಡುವೆ ಕಬ್ಬಿಣ ಅಥವಾ ಫೆರೈಟ್ ತಿರುಳಿದ್ದರೆ ಇನ್ನೊಂದು ತೊಡಕಿದೆ. ಪ್ರವಾಹ ಮಿತಿ ಮೀರಿದಾಗ ಆ ತಿರುಳು ಕಾಂತೀಯವಾಗಿ ತುಂಬಿಹೋಗಿ, ಕಾಯಿಲ್ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಮೇಲಿನ ಸ್ವರಗಳು ವೂಫರ್‌ಗೆ ಸೋರುತ್ತವೆ, ಧ್ವನಿ ಒರಟಾಗುತ್ತದೆ. ತಿರುಳಿಲ್ಲದ ಕಾಯಿಲ್‌ಗಳಿಗೆ ಈ ದೋಷವಿಲ್ಲ. ಆದರೆ ಅವಕ್ಕೆ ಹೆಚ್ಚು ತಂತಿ, ಹೆಚ್ಚು ಜಾಗ ಬೇಕು.

ಹಲವು ಕ್ರಾಸ್‌ಓವರ್‌ಗಳಲ್ಲಿ ಟ್ವೀಟರ್‌ನ ರಕ್ಷಣೆಗೆ ಪುಟ್ಟ ಬಲ್ಬ್ ಅಥವಾ ಬಿಸಿಯಾದಾಗ ರೋಧ ಹೆಚ್ಚಿಸಿಕೊಳ್ಳುವ ಬಿಲ್ಲೆಯೊಂದನ್ನು ಜೋಡಿಸಲಾಗಿರುತ್ತದೆ. ಜೋರಾಗಿ ನುಡಿಸುವಾಗ ಟ್ವೀಟರ್ ಇದ್ದಕ್ಕಿದ್ದಂತೆ ಮಂಕಾಗಿ, ವಾಲ್ಯೂಮ್ ಇಳಿಸಿದ ಕೆಲವು ಕ್ಷಣಗಳಲ್ಲಿ ಮತ್ತೆ ನುಡಿದರೆ ಅದು ಕೆಟ್ಟಿದೆ ಎಂದಲ್ಲ. ಈ ರಕ್ಷಕ ತನ್ನ ಕೆಲಸ ಮಾಡಿದೆ ಎಂದರ್ಥ. ಅದನ್ನು ತೆಗೆದುಹಾಕಿ ನೇರ ಸಂಪರ್ಕ ಕೊಡಿಸಿಕೊಳ್ಳುವುದು ಟ್ವೀಟರ್‌ಗೆ ಕುತ್ತು ತಂದಂತೆ.

ಟ್ವೀಟರ್‌ನ ಮೇಲೆ ಬರೆದಿರುವ ‘100 ವಾಟ್’ ಕೂಡ ಕ್ರಾಸ್‌ಓವರ್ ಸಹಿತವಾದ ಲೆಕ್ಕ. ಸಂಗೀತದ ಶಕ್ತಿಯ ಬಹುಪಾಲು ಕೆಳಗಿನ ಸ್ವರಗಳಲ್ಲಿ ಇರುವುದರಿಂದ ಟ್ವೀಟರ್‌ಗೆ ತಲುಪುವುದು ಚಿಕ್ಕ ಪಾಲು ಮಾತ್ರ. ಕ್ರಾಸ್‌ಓವರ್‌ನ ಇಳಿಜಾರು ಎಷ್ಟು ಕಡಿದು ಎಂಬುದೂ ಇಲ್ಲಿ ಮುಖ್ಯ. 3500 ಹರ್ಟ್ಜ್‌ನಲ್ಲಿ ವಿಭಜಿಸುವ, ಪ್ರತಿ ಸಪ್ತಕಕ್ಕೆ 6 ಡೆಸಿಬಲ್ ಇಳಿಸುವ ಸರಳ ಕ್ರಾಸ್‌ಓವರ್ ಎರಡು ಸಪ್ತಕ ಕೆಳಗೆ ಶಕ್ತಿಯನ್ನು ಸುಮಾರು ಹದಿನಾರನೇ ಒಂದು ಭಾಗಕ್ಕೆ ಇಳಿಸುತ್ತದೆ. 12 ಡೆಸಿಬಲ್‌ನ ಕ್ರಾಸ್‌ಓವರ್ ಅದನ್ನು ಸುಮಾರು 250ನೇ ಒಂದು ಭಾಗಕ್ಕೆ ಇಳಿಸುತ್ತದೆ. ಹೆಚ್ಚು ಶಕ್ತಿಗೆ ಒಡ್ಡುವ ಟ್ವೀಟರ್‌ಗೆ ಎರಡನೆಯದೇ ಕ್ಷೇಮ.

ಚಿಕ್ಕ ಆಂಪ್ಲಿಫೈಯರ್‌ನ ದೊಡ್ಡ ಅಪಾಯ

‘ಕಡಿಮೆ ವಾಟ್ ಕೊಟ್ಟರೆ ಸ್ಪೀಕರ್ ಸುಡುತ್ತದೆ’ ಎಂಬ ಮಾತು ಮಾರುಕಟ್ಟೆಯಲ್ಲಿ ಪ್ರಚಲಿತದಲ್ಲಿದೆ. ಇದು ಅರ್ಧಸತ್ಯ. ಕಡಿಮೆ ಶಕ್ತಿಯಿಂದ ಯಾವ ಸ್ಪೀಕರ್ ಸಹ ಸುಡುವುದಿಲ್ಲ. ಹಾಗಿದ್ದಿದ್ದರೆ ಮೆಲ್ಲಗೆ ಹಾಡು ಕೇಳುವುದೇ ಅಪಾಯಕಾರಿಯಾಗುತ್ತಿತ್ತು. ಸುಡುವುದು ಚಿಕ್ಕ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಿದಾಗ.

ಆಂಪ್ಲಿಫೈಯರ್ ತನ್ನ ಗರಿಷ್ಠ ವೋಲ್ಟೇಜನ್ನು ತಲುಪಿದ ಬಳಿಕ ತರಂಗದ ಶಿಖರಗಳನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ. ಇದನ್ನು ಕ್ಲಿಪಿಂಗ್ ಎನ್ನುತ್ತಾರೆ. ಪೂರ್ತಿ ಚೌಕಾಕಾರಕ್ಕೆ ತಿರುಗಿದ ತರಂಗವು ಅದೇ ಎತ್ತರದ ಸೈನ್ ತರಂಗಕ್ಕಿಂತ ಎರಡು ಪಟ್ಟು ಶಕ್ತಿಯನ್ನು ಹೊತ್ತಿರುತ್ತದೆ. ಅಂದರೆ 50 ವಾಟ್‌ನ ಆಂಪ್ಲಿಫೈಯರ್ ಆಗ 100 ವಾಟ್‌ನ ಸಮೀಪಕ್ಕೆ ಹೋಗಬಹುದು. 60 ವಾಟ್‌ನ ಸ್ಪೀಕರ್ ಸುಡಲು ಅಷ್ಟು ಸಾಕು. ಜೊತೆಗೆ ಬಾಸ್‌ನ ಶಿಖರಗಳು ಕತ್ತರಿಸಿಹೋದ ನಂತರವೂ ವಾಲ್ಯೂಮ್ ತಿರುಗಿಸಿದಂತೆಲ್ಲ ಮೇಲಿನ ಸ್ವರಗಳು ಏರುತ್ತಲೇ ಹೋಗುತ್ತವೆ, ಕ್ಲಿಪಿಂಗ್‌ನಿಂದ ಹೊಸ ಮೇಲುಸ್ವರಗಳೂ ಹುಟ್ಟುತ್ತವೆ. ಇವೆರಡರ ಹೊಡೆತ ಬೀಳುವುದು ಟ್ವೀಟರ್ ಮೇಲೆ.

ಮಿತಿ ಮೀರಬಹುದು, ಆದರೆ...

ಸ್ಪೀಕರ್‌ನ ಸಾಮರ್ಥ್ಯವು ಫ್ಯೂಸ್‌ನಂತೆ ಒಂದು ಗೆರೆಯಲ್ಲ. ಅದು ಒಂದು ಪರೀಕ್ಷೆಯ ಫಲಿತಾಂಶ. ಅಂತರರಾಷ್ಟ್ರೀಯ ಮಾನದಂಡ ಐಇಸಿ 60268-5ರ ಪ್ರಕಾರ ನಿರಂತರ ಸಾಮರ್ಥ್ಯವನ್ನು ಅಳೆಯಲು ವಿಶೇಷ ಗದ್ದಲದ ಸಂಕೇತವನ್ನು 100 ಗಂಟೆ ಹರಿಸಲಾಗುತ್ತದೆ. ಅದೇ ಮಾನದಂಡದಲ್ಲಿ ಅಲ್ಪಾವಧಿ ಸಾಮರ್ಥ್ಯವನ್ನು ಒಂದು ಸೆಕೆಂಡ್ ನುಡಿಸಿ ಒಂದು ನಿಮಿಷ ಬಿಡುವು ಕೊಟ್ಟು, ಹೀಗೆ 60 ಬಾರಿ ಪರೀಕ್ಷಿಸಲಾಗುತ್ತದೆ. ಎಷ್ಟು ವಾಟ್ ಎಂಬುದರಷ್ಟೇ ಎಷ್ಟು ಹೊತ್ತು ಎಂಬುದೂ ಮುಖ್ಯ ಎಂಬುದನ್ನು ಇದು ಸೂಚಿಸುತ್ತದೆ.

ಸಂಗೀತದ ಸ್ವಭಾವವೂ ಇಲ್ಲಿ ನೆರವಿಗೆ ಬರುತ್ತದೆ. 100 ವಾಟ್‌ನ ಆಂಪ್ಲಿಫೈಯರ್ ಕ್ಷಣಮಾತ್ರದ ಶಿಖರದಲ್ಲಿ 200 ವಾಟ್ ನೀಡುತ್ತದೆ. ಏರಿಳಿತ ಹೆಚ್ಚಿರುವ ಶಾಸ್ತ್ರೀಯ ಸಂಗೀತದಂತಹ ಧ್ವನಿಮುದ್ರಣದಲ್ಲಿ ಸರಾಸರಿಯು ಶಿಖರಕ್ಕಿಂತ 12 ಡೆಸಿಬಲ್ ಕೆಳಗಿದೆ ಎನ್ನೋಣ. ಆಗ ಕ್ಲಿಪಿಂಗ್‌ನ ಅಂಚಿನವರೆಗೆ ನುಡಿಸಿದರೂ ಸ್ಪೀಕರ್‌ಗೆ ಸರಾಸರಿ ತಲುಪುವುದು 12.5 ವಾಟ್ ಮಾತ್ರ. ಆದರೆ ಶಿಖರ ಮತ್ತು ಸರಾಸರಿಯ ನಡುವೆ 6 ಡೆಸಿಬಲ್ ಅಂತರವಷ್ಟೇ ಇರುವಂತೆ ಬಿಗಿಯಾಗಿ ಒತ್ತಿದ ನೃತ್ಯಗೀತೆಗಳಲ್ಲಿ ಅದೇ ಆಂಪ್ಲಿಫೈಯರ್, ಅದೇ ವಾಲ್ಯೂಮ್‌ನಲ್ಲಿ 50 ವಾಟ್ ಉಣಿಸುತ್ತದೆ. ಬಾಸ್ ಪರೀಕ್ಷೆಯ ಶುದ್ಧ ಸ್ವರಗಳನ್ನು ಹಾಕಿದರೆ ಪೂರ್ತಿ 100 ವಾಟ್.

ಆದ್ದರಿಂದ ಸ್ಪೀಕರ್‌ನ ಆರ್‌ಎಂಎಸ್ ಸಾಮರ್ಥ್ಯದ ಒಂದೂವರೆ ಪಟ್ಟು ಶಕ್ತಿಯುಳ್ಳ ಒಳ್ಳೆಯ ಆಂಪ್ಲಿಫೈಯರ್ ಜೋಡಿಸುವುದು ತಪ್ಪಲ್ಲ. ಶಿಖರಗಳು ಕತ್ತರಿಸದೆ ಹಾದುಹೋಗುವುದರಿಂದ ಧ್ವನಿ ಸ್ವಚ್ಛವಾಗಿಯೂ ಇರುತ್ತದೆ. ಆದರೆ ಆ ಹೆಚ್ಚುವರಿ ಶಕ್ತಿ ಶಿಖರಗಳಿಗೆ ಮೀಸಲು. ಅದನ್ನು ಸದಾ ಖರ್ಚು ಮಾಡುತ್ತಾ ಹೋದರೆ ಸ್ಪೀಕರ್ ಉಳಿಯುವುದಿಲ್ಲ.

ಲಾಭವೆಷ್ಟು?

ಇಷ್ಟೆಲ್ಲ ಅಪಾಯಕ್ಕೆ ಒಡ್ಡಿಕೊಂಡು ದೊರೆಯುವ ಲಾಭ ಬಲು ಚಿಕ್ಕದು. ವಾಟ್ ಇಮ್ಮಡಿಯಾದರೆ ಧ್ವನಿ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡರಷ್ಟು ಜೋರು’ ಎನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. 87 ಡೆಸಿಬಲ್ ಸಂವೇದನೆಯ ಸ್ಪೀಕರ್ ಬದಲು 90 ಡೆಸಿಬಲ್‌ನದನ್ನು ಕೊಂಡರೆ, ಅರ್ಧ ವಾಟ್‌ನಲ್ಲಿ ಅಷ್ಟೇ ಧ್ವನಿ ಸಿಗುತ್ತದೆ. ಬಾಗಿಲಿನ ತಗಡಿನ ರಂಧ್ರಗಳನ್ನು ಮುಚ್ಚಿ, ಕಂಪನ ತಡೆಯುವ ಹಾಳೆ ಅಂಟಿಸಿದರೂ ಬಾಸ್ ಗಮನಾರ್ಹವಾಗಿ ಸುಧಾರಿಸುತ್ತದೆ.

ವಾಹನದ ವಿದ್ಯುತ್ ವ್ಯವಸ್ಥೆಗೂ ಮಿತಿಯಿದೆ. 500 ವಾಟ್ ಹೊರಹಾಕುವ, ಶೇ. 80ರಷ್ಟು ದಕ್ಷತೆಯ ಕ್ಲಾಸ್-ಡಿ ಆಂಪ್ಲಿಫೈಯರ್ ಪೂರ್ಣ ಹೊರೆಯಲ್ಲಿ ಸುಮಾರು 45 ಆಂಪಿಯರ್ ಸೆಳೆಯುತ್ತದೆ. ತೆಳು ತಂತಿ ಬಳಸಿದರೆ ವೋಲ್ಟೇಜ್ ಕುಸಿದು ಆಂಪ್ಲಿಫೈಯರ್ ಬೇಗನೆ ಕ್ಲಿಪ್ ಆಗುತ್ತದೆ. ಬ್ಯಾಟರಿಯ ಬಳಿ ಫ್ಯೂಸ್ ಇಲ್ಲದಿದ್ದರೆ, ಎಲ್ಲೋ ಉಜ್ಜಿ ತೊಗಟೆ ಹೋದ ತಂತಿಯಿಂದ ಕಾರಿಗೇ ಬೆಂಕಿ ಹತ್ತುವ ಸಂಭವವಿದೆ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ, ತಂತಿಯ ಗಾತ್ರಕ್ಕೆ ತಕ್ಕ ಫ್ಯೂಸ್ ಇರಲೇಬೇಕು.

ಗ್ರಾಹಕರು ಗಮನಿಸಬೇಕಾದದ್ದು

* ಸ್ಪೀಕರ್, ಕ್ರಾಸ್‌ಓವರ್, ಆಂಪ್ಲಿಫೈಯರ್ ಮೂರರಲ್ಲಿಯೂ ಆರ್‌ಎಂಎಸ್ ಅಂಕಿಯನ್ನು ಮಾತ್ರ ಹೋಲಿಸಬೇಕು. ಮೂರರಲ್ಲಿ ಅತಿ ಕಡಿಮೆಯದೇ ಇಡೀ ವ್ಯವಸ್ಥೆಯ ಮಿತಿ.

* ಆಂಪ್ಲಿಫೈಯರ್‌ನ ‘ಗೇನ್’ ತಿರುಪು ವಾಲ್ಯೂಮ್ ಅಲ್ಲ. ಸ್ಟೀರಿಯೋದ ಸಂಕೇತಕ್ಕೆ ಆಂಪ್ಲಿಫೈಯರನ್ನು ಹೊಂದಿಸಲು ಮಾತ್ರ ಅದಿರುವುದು.

* ಗೇನ್ ಹೊಂದಿಸಲು ಮಲ್ಟಿಮೀಟರ್ ಸಾಕು. ಬೇಕಾದ ವಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ವೋಲ್ಟೇಜ್ ಸಿಗುತ್ತದೆ. 60 ವಾಟ್, 4 ಓಮ್‌ಗೆ ಅದು 15.5 ವೋಲ್ಟ್. ಸ್ಪೀಕರ್ ಕಳಚಿ, ಫಿಲ್ಟರ್‌ಗಳನ್ನು ಆಫ್ ಮಾಡಿ, 50 ಹರ್ಟ್ಜ್ ಸ್ವರ ಹಾಕಿ ಅಳೆಯಬೇಕು. ಅಗ್ಗದ ಮೀಟರ್‌ಗಳು ನಂಬಿಕೆಗೆ ಅರ್ಹವಾಗಿರುವುದು ಮನೆಯ ವಿದ್ಯುತ್ತಿನ ಈ ಕಂಪನಾಂಕದ ಆಸುಪಾಸಿನಲ್ಲಿ.

* ಸ್ಟೀರಿಯೋದ ಬಾಸ್ ಬೂಸ್ಟ್ ಮತ್ತು ಲೌಡ್‌ನೆಸ್ ಗುಂಡಿಗಳನ್ನು ಆಫ್ ಮಾಡುವುದು ಒಳಿತು. ಬಾಸನ್ನು 6 ಡೆಸಿಬಲ್ ಏರಿಸುವುದೆಂದರೆ ಅಲ್ಲಿ ನಾಲ್ಕು ಪಟ್ಟು ಶಕ್ತಿ ಕೇಳಿದಂತೆ.

* ಹೆಚ್ಚು ಶಕ್ತಿ ಅನಿವಾರ್ಯವಾದರೆ ಪ್ಯಾಸಿವ್ ಡಬ್ಬಿಯನ್ನು ಕೈಬಿಟ್ಟು, ಆಂಪ್ಲಿಫೈಯರ್‌ಗೆ ಮೊದಲೇ ಸ್ವರಗಳನ್ನು ವಿಭಜಿಸುವ ಆಕ್ಟಿವ್ ಕ್ರಾಸ್‌ಓವರ್ ಬಳಸಬಹುದು. ಆದರೆ ಆಗಲೂ ಟ್ವೀಟರ್‌ಗೆ ಸರಣಿಯಲ್ಲಿ ಒಂದು ರಕ್ಷಣಾ ಕೆಪಾಸಿಟರ್ ಇರಿಸುವುದು ಜಾಣತನ.

* ಧ್ವನಿ ಒರಟಾದರೆ, ಬಡಿತ ಕೇಳಿಬಂದರೆ, ವಾಸನೆ ಬಂದರೆ ತಕ್ಷಣ ವಾಲ್ಯೂಮ್ ಇಳಿಸಬೇಕು.

ಕಿವಿಗೆ ಬದಲಿ ಭಾಗವಿಲ್ಲ

ಸುಟ್ಟ ಸ್ಪೀಕರನ್ನು ಬದಲಿಸಬಹುದು, ಕಿವಿಯನ್ನಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ಎನ್‌ಐಒಎಸ್‌ಎಚ್ ಶಿಫಾರಸಿನಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು. ಪ್ರತಿ 3 ಡೆಸಿಬಲ್ ಏರಿಕೆಗೆ ಈ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್‌ನಲ್ಲಿ ಉಳಿಯುವುದು 15 ನಿಮಿಷ. ಗಾಜು ಮುಚ್ಚಿದ ಕಾರಿನೊಳಗೆ ಆ ಮಟ್ಟ ತಲುಪಲು ಕೆಲವೇ ಹತ್ತು ವಾಟ್‌ಗಳು ಸಾಕು. ಹೊರಗಿನವರ ನೆಮ್ಮದಿಯ ಪ್ರಶ್ನೆಯೂ ಇದೆ. ಭಾರತದ ಶಬ್ದ ಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿಯಿದೆ.

ಸ್ಪೀಕರ್ ಮಿತಿಯನ್ನು ಮೀರಿದಾಗ ಒರಟು ಸದ್ದು, ಬಡಿತ, ವಾಸನೆಗಳ ಮೂಲಕ ಮುನ್ಸೂಚನೆ ಕೊಡುತ್ತದೆ. ಶ್ರವಣಶಕ್ತಿ ಕುಗ್ಗುವಾಗ ಅಂತಹ ಮುನ್ಸೂಚನೆ ಸಿಗುವುದು ಅಪರೂಪ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ಬಿಟ್ಟು ಚಿಕ್ಕ ಅಂಕಿಯನ್ನು ಓದುವ ರೂಢಿ ಬೆಳೆಸಿಕೊಂಡರೆ ಜೇಬು, ಸ್ಪೀಕರ್, ಕಿವಿ ಮೂರೂ ಉಳಿಯುತ್ತವೆ.